ನಾಕಬೂಲ

ವಕೀಲ ದೇಗಾಂವಕರನ ಕಪಾಟಿನ್ಯಾಗ
ನನ್ನವು ಎರಡು ಫೈಲು.
ಹಳದಿಯೊಳಗ ನಾ ಮಾಲಕ.
ನೀಲಿಯದು ಆಮ್ಯಾಲೆ ಹೇಳತೀನಿ.

ಹಳದಿ ಅಂದ್ರ ಅಂಬಣ್ಣ ಚಿಟ್ಯಾಲ.
ಅಕ್ಕಲಕೋಟ ರಸ್ತೆಗೆ ಹತ್ತಿದ ನಮ್ಮ ಚಾಳಿನ್ಯಾಗ
ನಾಲ್ಕನೇ ಖೋಲಿ, ನಲವತ್ತೆಂಟು ರೂಪಾಯಿ ಭಾಡಿಗಿ.
ಅಪ್ಪ ಬರೆದುಕೊಟ್ಟ ಚೀಟಿ,
ಗಿರಣಿ ಭೋಂಗಾ ಊದತಿದ್ದ ಕಾಲದ್ದು.
ಭೋಂಗಾ ನಿಂತಿತು, ಅಪ್ಪ ಫೋಟೋ ಆದ,
ನಲವತ್ತೆಂಟು ಮಾತ್ರ ನಲವತ್ತೆಂಟಾಗೇ ಉಳೀತು.
ಈಗ ಅದರಾಗ ಐದು ಕಪ್ ಚಹಾ ಬರಂಗಿಲ್ಲ.

ಹೊರಗ ಹಾಕೂದು ಹ್ಯಾಂಗ ಅಂತ ಕೇಳಿದರ
ಇಡೀ ಸೋಲಾಪುರ ವಕೀಲಿ ಮಾಡತದ.
ನಳದ ಪೈಪು ತಿರುವು ಅಂದ ಷಡ್ಡಕ.
ನಾಲ್ಕು ದಿನಕ್ಕೊಮ್ಮೆ ಬರೂ ನೀರು, ತಿರುವಿದೆ ಖರೆ.
ಯಾದಮ್ಮ ಬೀಡಿ ಎಲಿ ಬುಟ್ಟಿ ಬಾಜೂಕಿಟ್ಟು
ಎರಡು ಕೊಡ ಹಿಡಕೊಂಡು
ನಮ್ಮ ಅಡಗಿಮನಿ ಬಾಗಿಲಿಗೇ ಬಂದು ನಿಂತಳು.
ತುಂಬಿಸಿ ಕೊಟ್ಟಾಕಿ ನನ್ನ ಹೆಂಡತಿ.
ಪೈಪು ಮತ್ತ ನಾನೇ ಕೂಡಿಸಬೇಕಾತು.

ಮಳಿಗಾಲದಾಗ ಪತ್ರಾ ತಗಸು, ರಿಪೇರಿ ಅನ್ನು,
ಅಂದಾವ ಸಾಬೂನು ಏಜೆಂಟ ಭೀಮಶ್ಯಾ.
ಗೌಂಡಿ ಬಂದ. ಅಂಬಣ್ಣ ಅವಗ ಚಹಾ ಕುಡಿಸಿ,
ಸೋರೂ ಜಾಗಾ ಬೆರಳಿಟ್ಟು ತೋರಿಸಿ,
ಹೊಸಾ ಪತ್ರಾ ಹಾಕಿಸಿಕೊಂಡ.
ಬಿಲ್ಲು ನನ್ನ ಹೆಸರಿಗೆ.

ಭಾಡಿಗಿ ತಗೋಬ್ಯಾಡ, ಪಾವತಿ ಕೊಡಬ್ಯಾಡ, ಅಂದ ವಕೀಲ.
ಬಿಟ್ಟೆ.
ಅವತ್ತಿನಿಂದ ತಿಂಗಳಾ ತಿಂಗಳಾ ಪೋಸ್ಟಮನ್,
ನನ್ನ ಕಟ್ಟಿಯಿಂದ ಹನ್ನೆರಡು ಹೆಜ್ಜಿ ಆಚಿನ ಖೋಲಿಯಿಂದ
ಊರೆಲ್ಲ ಸುತ್ತಿ ಬಂದ ಮನಿಆರ್ಡರು.
ನಾಕಬೂಲ ಅಂತ ಬರದು ಸಹಿ ಹಾಕತೀನಿ.
ಹೊಳ್ಳಿ ಹೋಗತದ.

ಇನ್ನ ನೀಲಿ.
ನವೀ ಪೇಠದಾಗ ನನ್ನದೊಂದು ಅಂಗಡಿ, ಆರು ಫೂಟು ಅಗಲ.
ಕುಕ್ಕರ ರಿಂಗು, ಸೀಟಿ, ಸ್ಟೋ ಪಿನ್ನು.
ಭಾಡಿಗಿ ಅರವತ್ತೈದು.
ಮಾಲಕ ಕೊಠಾರಿ ಸೇಠಗ ಮೂರು ಮಜಲಿ ಏರಿಸಬೇಕಾಗೇದ.
ನಾ ಬಿಡಂಗಿಲ್ಲ.
ಅವ ಫ್ಯೂಜು ತಗದ,
ನಾ ಕಂದೀಲ ಹಚ್ಚಿ ರಿಂಗು ಮಾರಿದೆ.
ಅವನ ಅರ್ಜಿಯೊಳಗ ನನ್ನ ಹೆಸರಿನ ಮುಂದ ಬರದಾರ:
ತ್ರಾಸದಾಯಕ ಭಾಡೋತ್ರಿ.
ಓದಿದ ರಾತ್ರಿ ಭಕ್ರಿ ಗಂಟಲಾಗ ಇಳೀಲಿಲ್ಲ.
ಅದೇ ಶಬ್ದ, ಅದೇ ಕಾಗುಣಿತದ ತಪ್ಪು,
ಅಂಬಣ್ಣಗ ನಾ ಬರೆಸಿದ್ದು.

ಮೊನ್ನೆ ಎರಡೂ ತಾರೀಖು ಒಂದೇ ದಿನಕ್ಕ ಬಿದ್ದವು.
ಕೋರ್ಟಿನ ಬಾಕಿನ ಮ್ಯಾಲೆ ನಾನು, ಅಂಬಣ್ಣ,
ನಡುವ ಅವನ ಛತ್ರಿ.
ಪಟ್ಟೇವಾಲ ಬಾಗಿಲಿಗೆ ಬಂದು
ಸೇಠನ ಹೆಸರಿನ ಬೆನ್ನಿಗೇ ನನ್ನ ಹೆಸರು ಕೂಗಿದ.
ಅಂಬಣ್ಣ ನಗಲಿಲ್ಲ.
ನಕ್ಕಿದ್ದರ ಚಲೋ ಇತ್ತು.

ರಾತ್ರಿ ಬಾಗಿಲು ಬಡದ.
ಕೈಯಾಗ ಬಿಸ್ಕೀಟಿನ ಡಬ್ಬಿ.
'ಸೇಠ ಭಾಡಿಗಿ ತಗೊಳ್ಳಾಂಗಿಲ್ಲ, ಹೌದಿಲ್ಲೋ?
ಕಳಸೂದು ಬಿಡಬ್ಯಾಡ್ರಿ ಮಾಲಕರ.
ಐದನೇ ತಾರೀಖು ದಾಟಬಾರದು.
ಹೊಳ್ಳಿ ಬಂದದ್ದು ಹರೀಬ್ಯಾಡ್ರಿ.
ಜಜ್ಜ ಸಾಹೇಬರು ಮೊದಲ ನೋಡೂದೇ ಅದನ್ನ.'

ಡಬ್ಬಿ ತಗದ. ಒಂಬತ್ತು ವರ್ಷದ ಚೀಟಿ,
ವರ್ಷಕ್ಕೊಂದು ಬಣ್ಣದ ಮಗ್ಗದ ನೂಲು ಕಟ್ಟಿ.
ಪ್ರತಿಯೊಂದರ ಮ್ಯಾಲೂ ನಾಕಬೂಲ,
ನನ್ನ ಅಕ್ಷರ, ನನ್ನ ಸಹಿ.
ಮೊದಮೊದಲಿನವು ದುಂಡಗ,
ಬರಬರತ ಬರೇ ಗೀಟು.

ಒಂದು ಚೀಟಿ ನಮೂನಾಕ್ಕಂತ ನನ್ನ ಕೈಯಾಗಿಟ್ಟ.
ಮೆಟ್ಟಲಿಳಿದಾವ ಹೊಳ್ಳಿ ನಿಂತು,
'ಅದು ವಾಪಸ ಬೇಕ್ರಿ,' ಅಂದ,
'ನಿಮ್ಮ ಮ್ಯಾಲಿನ ಕೇಸಿಗೆ.'

ಇವತ್ತು ನಾಲ್ಕನೇ ತಾರೀಖು.
ಅಂಚೆ ಆಫೀಸಿನ ಸಾಲಿನ್ಯಾಗ ಅವ ಮುಂದ, ನಾ ಹಿಂದ.
ಅವ ನನಗ ನಲವತ್ತೆಂಟು,
ನಾ ಸೇಠಗ ಅರವತ್ತೈದು.
ಕಮಿಷನ್ ಬ್ಯಾರೆ.
ಪೆನ್ನು ಅವನದು.